ನಲ್ಲಿ, ಚರಂಡಿ, ಬೀದಿ ದೀಪ: ಇವೂ ಮನೆವಾರ್ತೆಯೇ!

ಬೆಳಗ್ಗೆ ಆರೂವರೆ. ಕಾವಲಿ ಕಾದಿದೆ, ಅಕ್ಕಿರೊಟ್ಟಿಗೆ ಹಿಟ್ಟು ಕಲಸಿಟ್ಟಾಗಿದೆ. ಮಕ್ಕಳ ಬಸ್ಸಿಗೆ ಇನ್ನೊಂದೇ ಗಂಟೆ. ಕೈ ತೊಳೆಯೋಣವೆಂದು ನಲ್ಲಿ ತಿರುಗಿಸಿದರೆ ‘ಸುಂಯ್’ ಎಂದು ಬರೀ ಗಾಳಿ! ಬೇಲಿಯಾಚೆಯಿಂದ ಪಕ್ಕದ ಮನೆಯಾಕೆಯ ದನಿ:

“ನಿಮ್ಮಲ್ಲಿ ನೀರು ಬಂತಾ ಅಕ್ಕಾ?”

“ಎಲ್ಲಿ ಬಂತು ಮಾರಾಯ್ತಿ, ನಿನ್ನೆ ಸಾಯಂಕಾಲದಿಂದ ಇಲ್ಲ.”

“ಪಂಚಾಯಿತಿಗೆ ಯಾರಾದ್ರೂ ಹೇಳಿದ್ರಾ?”

“ಗಂಡಸರು ಹೇಳಿರ್ತಾರೆ ಬಿಡಿ.”

ಗಂಡಸರು ಹೇಳಿರುವುದಿಲ್ಲ. ಅವರಿಗೆ ಸ್ನಾನಕ್ಕೆ ಬಿಸಿನೀರು ಬಚ್ಚಲಲ್ಲಿ ಸಿದ್ಧವಾಗಿರುತ್ತದೆ. ಅದು ಯಾವ ಬಾವಿಯಿಂದ, ಯಾರ ಸೊಂಟದ ಮೇಲೆ ಬಂತೆಂಬುದು ಅವರಿಗೆ ಗೊತ್ತಾಗುವುದು ಅಪರೂಪ. ಗೊತ್ತಿರುವವರು ನಾವು. ಆದರೆ ಗೊತ್ತಿರುವವರು ಪಂಚಾಯಿತಿಗೆ ಹೋಗುವುದಿಲ್ಲ, ಹೋಗುವವರಿಗೆ ಗೊತ್ತಿರುವುದಿಲ್ಲ. ನಮ್ಮ ಹಳ್ಳಿಗಳ ಅರ್ಧ ತೊಂದರೆ ಇಲ್ಲೇ ಇದೆ ಎಂದರೆ ತಪ್ಪೇನು?

ಹೊಳೆ ಇದ್ದೂ ಕೊಡ ಖಾಲಿ

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಮಾದಾಪುರವಿದೆ. ಸುತ್ತ ಕಾಫಿ ತೋಟ, ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ, ಪಕ್ಕದಲ್ಲೇ ಹಾರಂಗಿಯನ್ನು ಸೇರುವ ಹೊಳೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಗೆ ಒಳಗೆ ಆಡಿದ ಮಾತು ಕೇಳಿಸದು. ಇಂಥ ಊರಿನಲ್ಲಿ ನೀರಿಗೆ ಬರವೇ ಎಂದು ಬಯಲುಸೀಮೆಯ ನೆಂಟರು ನಗಬಹುದು. ಮಾರ್ಚ್ ತಿಂಗಳಲ್ಲಿ ಬಂದು ನೋಡಲಿ!

ಕಾಫಿ ಹೂವಿಗೆ ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಹದ ಮಳೆ ಬೇಕು. ಹೂಮಳೆ ಬಾರದಿದ್ದರೆ ತೋಟದವರು ಹೊಳೆ, ಕೆರೆಗಳಿಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಅವರಿಗೂ ಅದು ವರ್ಷದ ಅನ್ನ. ಅದೇ ಹೊತ್ತಿಗೆ ಎತ್ತರದ ಮನೆಗಳ ಬಾವಿ ತಳ ಕಾಣುತ್ತದೆ. ತೋಟಕ್ಕೆಷ್ಟು, ಕೊಡಕ್ಕೆಷ್ಟು ಎಂಬ ಮಾತು ಊರಿನವರೆಲ್ಲ ಒಂದು ಕಡೆ ಕೂತು ಆಡಬೇಕಾದ ಮಾತು. ಅಂಥ ಜಾಗವೇ ಗ್ರಾಮ ಪಂಚಾಯಿತಿ.

ಇಲ್ಲಿ ಇನ್ನೊಂದು ವಿಶೇಷವಿದೆ. ಬಯಲಿನಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಅದಕ್ಕಾಗಿಯೇ ಬೇರೆಡೆ ಒಂದು ಗ್ರಾಮ ಪಂಚಾಯಿತಿಗೆ ಸುಮಾರು 5,000 ಜನಸಂಖ್ಯೆ ಬೇಕೆಂದಿದ್ದರೂ ಕೊಡಗಿನಂಥ ಮಲೆನಾಡು ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕೆಂದು ಕಾನೂನು ರಿಯಾಯಿತಿ ಕೊಟ್ಟಿದೆ. ಹೀಗೆ ಹರಡಿದ ಮನೆಗಳಿಗೆ ಪೈಪು ಎಳೆಯುವುದು ಸುಲಭವಲ್ಲ. ಒಂದು ಮರ ಬಿದ್ದರೆ, ಒಂದು ಬರೆ ಜಾರಿದರೆ ಸಾಲು ಮನೆಗಳಿಗೆ ನೀರಿಲ್ಲ. ನೀರುಗಂಟಿ ಒಬ್ಬನೇ ಎಲ್ಲಿಗೆಂದು ಓಡಿಯಾನು?

2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಐದು ಜನರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಹದಿನೆಂಟು ಕೊಡ. ನಿಮ್ಮ ಮನೆಗೆ ಎಷ್ಟು ಬರುತ್ತಿದೆ? ಒಂದು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ಮಹಾ! “ನೀರು ಸರಿಯಾಗಿ ಬರ್ತಿಲ್ಲ” ಎನ್ನುವುದಕ್ಕೂ “ಈ ವಾರ ನಾಲ್ಕು ದಿನ ಬಂದಿಲ್ಲ, ಬಂದ ದಿನ ಎಂಟೇ ಕೊಡ” ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಗೊಣಗಾಟ, ಎರಡನೆಯದು ಅರ್ಜಿ.

ಇದೇ ಯೋಜನೆಯಲ್ಲಿ ಊರಿನ ನೀರಿನ ಸಮಿತಿಯ ಅರ್ಧದಷ್ಟು ಸದಸ್ಯರು ಹೆಂಗಸರಾಗಿರಬೇಕು, ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಎಂದೂ ಇದೆ. ನಿಮ್ಮೂರಿನ ಆ ಐವರು ಯಾರು? ವಿಚಾರಿಸಿ ನೋಡಿ.

ಚರಂಡಿ ಎಂದರೆ ಮೂಗು ಮುಚ್ಚಬೇಡಿ

ಚರಂಡಿಯೆಂದರೆ ಸೊಳ್ಳೆ, ವಾಸನೆ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಗುಡ್ಡದ ಊರಿನಲ್ಲಿ ಅದು ಜೀವದ ಪ್ರಶ್ನೆ.

2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯುವಂತಿಲ್ಲ. ಎಡೆಬಿಡದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳೇ ಜಾರಿ ಬಂದವು. ಮಡಿಕೇರಿ–ಸೋಮವಾರಪೇಟೆ ರಸ್ತೆ ತುಂಡಾಯಿತು. ಮನೆ, ತೋಟ, ದನದ ಕೊಟ್ಟಿಗೆ, ಅಜ್ಜನ ಕಾಲದ ಹಿತ್ತಾಳೆ ಪಾತ್ರೆ ಎಲ್ಲ ಕೆಸರಿನೊಳಗೆ. ಉಟ್ಟ ಸೀರೆಯಲ್ಲೇ ಮಕ್ಕಳನ್ನೆತ್ತಿಕೊಂಡು ಹೊರಟ ತಾಯಂದಿರು ಪರಿಹಾರ ಕೇಂದ್ರಗಳಲ್ಲಿ ದಿನ ದೂಡಿದರು. ಮಾದಾಪುರ ಸಮೀಪದ ಜಂಬೂರಿನಲ್ಲಿ ಸಂತ್ರಸ್ತರಿಗೆಂದು ಕಟ್ಟಿದ ಹೊಸ ಮನೆಗಳ ಬೀಗದ ಕೈ ಸಿಕ್ಕಿದ್ದು 2020ರ ಜೂನ್‌ನಲ್ಲಿ.

ಅಷ್ಟು ಮಳೆ ಬಂದರೆ ಯಾರೇನು ಮಾಡಲಾದೀತು ಎನ್ನಬಹುದು. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಭೂವಿಜ್ಞಾನಿಗಳು ಬಂದು ನೋಡಿ ಇನ್ನೊಂದು ಮಾತನ್ನೂ ಹೇಳಿದರು. ಮನೆಗೆ, ರಸ್ತೆಗೆ ಎಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದು, ನೀರು ತಾನಾಗಿ ಹರಿದುಹೋಗುತ್ತಿದ್ದ ದಾರಿಗಳನ್ನು ಮುಚ್ಚಿದ್ದು ಕೂಡ ಕಾರಣ ಎಂದರು. ಹರಿದುಹೋಗಬೇಕಾದ ನೀರು ದಾರಿ ಸಿಗದೆ ಮಣ್ಣಿನೊಳಗೆ ಇಳಿಯುತ್ತದೆ. ನೆನೆದ ಮಣ್ಣು ಭಾರವಾಗುತ್ತದೆ, ಸಡಿಲವಾಗುತ್ತದೆ, ಒಂದು ದಿನ ಜಾರುತ್ತದೆ. ಇಡ್ಲಿ ಹಿಟ್ಟಿಗೆ ನೀರು ಜಾಸ್ತಿಯಾದರೆ ಏನಾಗುತ್ತದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲವಲ್ಲ!

ಮನೆ ಹಿಂದಿನ ಬರೆಯಲ್ಲಿ ಹೊಸದಾಗಿ ಬಿರುಕು ಬಿಟ್ಟಿದೆ, ಎಂದೂ ಇಲ್ಲದ ಕಡೆ ಒರತೆ ಬಂದಿದೆ, ಬಾಗಿಲು ಮೊದಲಿನಂತೆ ಹಾಕಿಕೊಳ್ಳುತ್ತಿಲ್ಲ, ಚರಂಡಿಗೆ ಯಾರೋ ಮಣ್ಣು ಸುರಿದಿದ್ದಾರೆ. ಇವನ್ನೆಲ್ಲ ಮೊದಲು ನೋಡುವುದು ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದವಳು. ಅವಳು ಕಂಡದ್ದು ಅವಳ ಬಾಯಲ್ಲೇ ಉಳಿದರೆ ಊರಿಗೆ ಉಪಯೋಗವಿಲ್ಲ. ಪಂಚಾಯಿತಿಯ ಪುಸ್ತಕಕ್ಕೆ ಏರಬೇಕು. ಹಳ್ಳಿಯಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವುದೂ ಪಂಚಾಯಿತಿಯೇ. ಗುಡ್ಡ ಕಡಿದು ಯಾರಾದರೂ ಕಟ್ಟಲು ಹೊರಟರೆ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೆಳಗಿನ ಮನೆಯಾಕೆ ಧಾರಾಳವಾಗಿ ಕೇಳಬಹುದು.

ಯಾವ ಕೆಲಸ ಯಾರದ್ದು?

ಎಲ್ಲ ತಪ್ಪಿಗೂ ಪಂಚಾಯಿತಿಯನ್ನೇ ಬೈಯುವುದು ನ್ಯಾಯವಲ್ಲ. ಬೀದಿ ದೀಪದ ವಿಷಯ ನೋಡಿ. ಬಲ್ಬು ಪಂಚಾಯಿತಿಯದ್ದು, ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯಾದ ಸೆಸ್ಕ್‌ನದ್ದು. ತಂತಿ ಕಡಿದಿದ್ದರೆ ಪಂಚಾಯಿತಿಯ ಮುಂದೆ ಎಷ್ಟು ಕೂಗಿದರೂ ಬೆಳಕು ಬಾರದು. ಹೆದ್ದಾರಿ, ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಗೆ. ತೋಟಕ್ಕೆ ಆನೆ ಬಂತೆಂದರೆ ಅರಣ್ಯ ಇಲಾಖೆಗೆ. ಕುಡಿಯುವ ನೀರು, ಚರಂಡಿ, ಕಸ, ಊರೊಳಗಿನ ದಾರಿ, ಬೀದಿ ದೀಪ, ಮನೆ ಕಂದಾಯ, ಮನೆಯಿಲ್ಲದವರ ಪಟ್ಟಿ, ಇವು ಪಂಚಾಯಿತಿಗೆ. ಆದರೂ ಸಂಜೆಗೇ ಕತ್ತಲಾಗುವ ಮಳೆಗಾಲದಲ್ಲಿ, ಆನೆ ಓಡಾಡುವ ದಾರಿಯಲ್ಲಿ ಹೆಣ್ಣುಮಕ್ಕಳು ನಡೆದು ಬರಬೇಕಾದಾಗ, ಸಂಬಂಧಪಟ್ಟ ಇಲಾಖೆಗೆ ಬರೆಯಿರಿ ಎಂದು ಪಂಚಾಯಿತಿಯಿಂದ ನಿರ್ಣಯ ಮಾಡಿಸಬಹುದು. ಒಬ್ಬರ ದೂರಿಗಿಂತ ಊರಿನ ನಿರ್ಣಯಕ್ಕೆ ತೂಕ ಹೆಚ್ಚು.

ಕಸದ ವಿಷಯದಲ್ಲಿ ಮಾತ್ರ ಪಂಚಾಯಿತಿಗಿಂತ ಮೊದಲು ನಮ್ಮ ಕೈ ನೋಡಿಕೊಳ್ಳಬೇಕು. ತರಕಾರಿ ಸಿಪ್ಪೆ, ಉಳಿದ ಅನ್ನ ಹಿತ್ತಿಲಿನ ಗೊಬ್ಬರದ ಗುಂಡಿಗೆ ಹೋದರೆ ಅರ್ಧ ಕೆಲಸ ಮುಗಿಯಿತು. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಬೇರೆ ಚೀಲದಲ್ಲಿಡಿ. ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಕಸದ ಗಾಡಿ ‘ಸ್ವಚ್ಛ ವಾಹಿನಿ’ಯನ್ನು ಸ್ವಸಹಾಯ ಸಂಘದ ಹೆಂಗಸರೇ ಓಡಿಸುತ್ತಿದ್ದಾರೆ. ಮುಸುರೆ ಸುರಿದ ಚೀಲವನ್ನು ಬಿಡಿಸಿ ವಿಂಗಡಿಸುವವಳೂ ನಮ್ಮಂಥ ಒಬ್ಬ ಗೃಹಿಣಿಯೇ ಎಂಬುದು ನೆನಪಿರಲಿ.

ಬಾಯಿ ಬಿಡದ ಸಭೆ

ನನ್ನದೇ ಒಂದು ಪೆಚ್ಚಾದ ಕತೆ ಹೇಳುತ್ತೇನೆ. ಮೊದಲ ಸಲ ವಾರ್ಡ್ ಸಭೆಗೆ ಹೋದಾಗ ಚರಂಡಿಯ ಬಗ್ಗೆ ಮಾತಾಡಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಗಂಡಸರು ಜೋರಾಗಿ ಮಾತಾಡಿದರು, ರುಜು ಹಾಕಿಸಿಕೊಂಡರು, ಕಾಫಿ ಕೊಟ್ಟರು. ಚೀಟಿ ಬೆವರಿಗೆ ಒದ್ದೆಯಾಗಿ ಮನೆಗೆ ವಾಪಸು ಬಂತು. ಆ ಮಳೆಗಾಲದಲ್ಲಿ ಪಕ್ಕದ ಮನೆಯ ಅಡಿಗೆ ಕೋಣೆಗೆ ಮೊಣಕಾಲು ಮಟ್ಟ ಕೆಸರು ನುಗ್ಗಿತು. ಹಿಟ್ಟಿನ ಡಬ್ಬಗಳು ತೇಲುತ್ತಿದ್ದುದನ್ನು ನೋಡಿದಾಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಮರುವರ್ಷ ಐವರು ಒಟ್ಟಿಗೆ ಹೋದೆವು. ಮುಂದಿನ ಸಾಲಿನಲ್ಲೇ ಕೂತೆವು. ಒಬ್ಬಳು ಓದಿದಳು, ನಾಲ್ವರು “ಹೌದು” ಎಂದೆವು. ಅರ್ಧ ಚರಂಡಿಗೆ ಕಲ್ಲು ಕಟ್ಟಿದ್ದಾರೆ, ಇನ್ನರ್ಧ ಬಾಕಿಯಿದೆ. ಮುಂದಿನ ಸಭೆಗೂ ಹೋಗುತ್ತೇವೆ.

ಗ್ರಾಮಸಭೆ ಎಂದರೆ ಮೆಂಬರುಗಳ ಸಭೆಯಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ತೋಟದ ಲೈನ್ ಮನೆಯಲ್ಲಿರುವವಳೂ ಸದಸ್ಯೆ, ತೋಟದ ಒಡತಿಯೂ ಸದಸ್ಯೆ. ವಾರ್ಡ್ ಸಭೆಗೆ ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟಾದರೂ ಹೆಂಗಸರಿರಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಕಾಫಿ ಕುಯ್ಲಿನ ಸಮಯದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ದಿನಗೂಲಿ ಬಿಟ್ಟು ಯಾರು ಬಂದಾರು? ಸಂತೆಯ ದಿನವೋ ರಜೆಯ ದಿನವೋ ಇಡಿ ಎಂದು ಮೊದಲೇ ಕೇಳಿಕೊಳ್ಳುವುದು ನಮ್ಮ ಕೆಲಸ.

ಈ ಕುರ್ಚಿ ಸುಲಭಕ್ಕೆ ಬಂದದ್ದಲ್ಲ

ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಜನರಿಂದ ‘ನೀರ್ ಸಾಬ್’ ಎಂದೇ ಕರೆಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹಿರಿಯರು ಬಲ್ಲರು. ಅವರ ಆಸ್ಥೆಯಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಇಡೀ ದೇಶಕ್ಕೆ ಮೂರರಲ್ಲೊಂದು ಎಂಬ ನಿಯಮ ಬರುವ ಮೊದಲಿನ ಮಾತಿದು. 1993ರ ಕಾಯಿದೆ ಅದನ್ನು ಮೂರನೇ ಒಂದಕ್ಕೆ ಏರಿಸಿತು, 2010ರಲ್ಲಿ ಅರ್ಧವಾಯಿತು. ಕುರ್ಚಿಯಲ್ಲಿ ಹೆಂಡತಿ, ಮಾತು ಗಂಡನದ್ದು ಎಂಬ ನಗೆಚಾಟಿಕೆ ಕೆಲವೆಡೆ ನಿಜವೂ ಹೌದು. ಆದರೆ ಎದುರಿಗೆ ಹತ್ತು ಹೆಂಗಸರು ಕೂತು “ನೀವೇ ಹೇಳಿ ಅಧ್ಯಕ್ಷರೇ” ಎಂದರೆ, ಅವಳಿಗೂ ತನ್ನ ದನಿ ತೆಗೆಯಲು ಧೈರ್ಯ ಬಂದೀತು.

ಸಭೆಗೆ ಹೊರಡುವ ಮುನ್ನ

* ಒಂದು ಸಭೆಗೆ ಒಂದೇ ವಿಷಯ ಆರಿಸಿ. ಹತ್ತು ಹೇಳಿದರೆ ಒಂದೂ ಆಗದು.

* ಜಾಗ, ದಿನ, ಎಷ್ಟು ಮನೆಗಳಿಗೆ ತೊಂದರೆ ಎಂದು ಹಾಳೆಯಲ್ಲಿ ಬರೆಯಿರಿ. ನೆರೆಮನೆಯವರ ರುಜುವೂ ಇರಲಿ.

* ಎರಡು ಪ್ರತಿ ಮಾಡಿ. ಒಂದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ.

* ನೀವು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದರೇ ಎಂದು ನೋಡಿ. ಖಾಲಿ ಹಾಳೆಗೆ ರುಜು ಹಾಕಬೇಡಿ.

* ಮುಂದಿನ ಸಭೆಯಲ್ಲಿ “ಹಿಂದಿನದ್ದು ಏನಾಯ್ತು?” ಎಂದು ಮೊದಲು ಕೇಳಿ.

* ಮನೆ ಕಂದಾಯ, ನೀರಿನ ಶುಲ್ಕ ಕಟ್ಟಿ ರಶೀದಿ ಜೋಪಾನವಾಗಿಡಿ. ಕೊಟ್ಟವಳ ಮಾತಿಗೆ ಬೆಲೆ ಬರುತ್ತದೆ. ಮನೆಗೆ ಹಾನಿಯಾದಾಗ ತೋರಿಸಲು ಒಂದು ಕಾಗದವೂ ಇರುತ್ತದೆ.

ಮನೆಯಂಗಳ ಗುಡಿಸಿ ರಂಗೋಲಿ ಇಡುವವರು ನಾವು. ಅಂಗಳದಾಚೆಯ ಚರಂಡಿಯವರೆಗೂ ನಮ್ಮ ಕಣ್ಣು ಹೋದರೆ, ಮುಂದಿನ ಮಳೆಗಾಲದಲ್ಲಿ ಇನ್ನೊಬ್ಬಳ ಅಡಿಗೆಮನೆ ಉಳಿದೀತು. ಮುಂದಿನ ವಾರ್ಡ್ ಸಭೆ ಯಾವತ್ತು ಎಂದು ಇವತ್ತೇ ವಿಚಾರಿಸುತ್ತೀರಲ್ಲ? ಅಂದು ಸಾರನ್ನು ಬೆಳಗ್ಗೆಯೇ ಮಾಡಿಟ್ಟು, ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಹೊರಡಿ.