ಸ್ವಂತ ಖಾತೆಯಿಲ್ಲದ ದುಡಿಮೆ: ಮಿಶನರಿ ಬದುಕು ನಡೆಯುವ ಬಗೆ

ಚೆನ್ನೈಯ ಕೋಡಂಬಾಕ್ಕಂ ಎಂದರೆ ಕನ್ನಡಿಗರಿಗೆ ನೆನಪಾಗುವುದು ಸ್ಟುಡಿಯೊಗಳು. ನಮ್ಮ ಸಿನಿಮಾ ಬೆಂಗಳೂರಿಗೆ ಬಂದು ನೆಲೆಸುವ ಮುನ್ನ ದಶಕಗಳ ಕಾಲ ಬೆಳೆದದ್ದು ಅಲ್ಲೇ. ಅದೇ ಲೋಕಲ್ ರೈಲು ಮಾರ್ಗದಲ್ಲಿ ಪಕ್ಕದ ನಿಲ್ದಾಣ ನುಂಗಂಬಾಕ್ಕಂ. ಅಲ್ಲಿ, 1925ರಲ್ಲಿ ಯೇಸುಸಭೆಯ (ಜೆಸ್ವಿಟ್) ಫಾದರ್ ಬರ್ಟ್ರಾಂ ಕಟ್ಟಿದ ಲೊಯೊಲಾ ಕಾಲೇಜಿನ ಆವರಣದಲ್ಲಿ ಫ್ರಾನ್ಸಿನ ಪಾದ್ರಿಯೊಬ್ಬರು ಬಹುಕಾಲ ಬಾಳಿದರು. ಹೆಸರು ಪಿಯೆರ್ ಸೆಯ್ರಾಕ್. ಹುಟ್ಟಿದ್ದು 1914ರಲ್ಲಿ, ಭಾರತಕ್ಕೆ ಬಂದದ್ದು 1937ರಲ್ಲಿ, ಚೆನ್ನೈಯಲ್ಲಿ ತೀರಿಕೊಂಡದ್ದು 2012ರಲ್ಲಿ. ನಡುವೆ ವಿದ್ಯಾರ್ಥಿ ಸಂಘಟನೆ, ಬರದ ನಾಡಿನಲ್ಲಿ ಬಾವಿ, ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರ, ಕೊನೆಗೆ ಬಡ ಮಕ್ಕಳ ಓದು.

ಇಂಥವರನ್ನು ಒಂಟಿ ಸಾಹಸಿಗಳಂತೆ ಚಿತ್ರಿಸುವುದು ವಾಡಿಕೆ. ವಾಸ್ತವದಲ್ಲಿ ಪ್ರತಿಯೊಬ್ಬ ಮಿಶನರಿಯ ಹಿಂದೆ ಕಳಿಸುವ, ಕಲಿಸುವ, ಖರ್ಚು ನೋಡಿಕೊಳ್ಳುವ, ವರ್ಗ ಮಾಡುವ ಒಂದು ವ್ಯವಸ್ಥೆ ಇರುತ್ತದೆ.

ಕಳಿಸುವವರು ಯಾರು?

ಕ್ಯಾಥೊಲಿಕ್ ಮಿಶನರಿಗಳಲ್ಲಿ ಹೆಚ್ಚಿನವರು ಯಾವುದಾದರೊಂದು ಧಾರ್ಮಿಕ ಸಭೆಗೆ ಸೇರಿದವರು: ಯೇಸುಸಭೆ, ಡಾನ್ ಬಾಸ್ಕೊ ಸಂಸ್ಥೆಗಳನ್ನು ನಡೆಸುವ ಸಲೇಶಿಯನ್ನರು, ಮದರ್ ತೆರೆಸಾ ಕಟ್ಟಿದ ಮಿಶನರೀಸ್ ಆಫ್ ಚಾರಿಟಿ ಇತ್ಯಾದಿ. ದೊಡ್ಡ ಸಭೆಗಳು ತಮ್ಮನ್ನು ಪ್ರಾಂತಗಳಾಗಿ ಹಂಚಿಕೊಂಡಿರುತ್ತವೆ. ಯಾರು ಎಲ್ಲಿಗೆ ಹೋಗಬೇಕು ಎಂಬುದು ಪ್ರಾಂತದ ಮುಖ್ಯಸ್ಥರಾದ ಪ್ರೊವಿನ್ಶಿಯಲ್ ಅವರ ತೀರ್ಮಾನ. ಇಷ್ಟಾನಿಷ್ಟ ಹೇಳಿಕೊಳ್ಳಬಹುದು, ಆದರೆ ಕೊನೆಯ ಮಾತು ಅವರದೇ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳಲ್ಲಿ ಮೂರನೆಯದರ ದಿನನಿತ್ಯದ ರೂಪ ಇದು. ಹದಿನೈದು ವರ್ಷ ಬೆವರು ಸುರಿಸಿ ಕಟ್ಟಿದ ಶಾಲೆಯನ್ನು ಒಂದು ಪತ್ರ ಬಂದೊಡನೆ ಬಿಟ್ಟು ಹೊರಡಬೇಕಾಗುತ್ತದೆ.

ತಯಾರಿ ಎಷ್ಟು ವರ್ಷ?

ಯೇಸುಸಭೆಯಲ್ಲಿ ಮೊದಲು ಎರಡು ವರ್ಷದ ನವಶಿಷ್ಯತ್ವ. ಅದು ಮುಗಿದ ಮೇಲೆ ವ್ರತ. ಆಮೇಲೆ ಪದವಿ, ತತ್ತ್ವಶಾಸ್ತ್ರ, ಎರಡು ಮೂರು ವರ್ಷ ಶಾಲೆಯಲ್ಲೋ ಹಳ್ಳಿಯಲ್ಲೋ ಕೆಲಸ, ಬಳಿಕ ದೇವಶಾಸ್ತ್ರ. ಗುರುದೀಕ್ಷೆ ಸಿಗುವಷ್ಟರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿರುತ್ತದೆ. ಸೆಯ್ರಾಕ್ ಹಡಗು ಹತ್ತಿದಾಗ ಅವರಿನ್ನೂ ಪಾದ್ರಿಯಾಗಿರಲಿಲ್ಲ, ಇಪ್ಪತ್ಮೂರರ ವಿದ್ಯಾರ್ಥಿ.

ಎಳೆಯರನ್ನು ಕಳಿಸುವುದಕ್ಕೆ ಒಂದು ಕಾರಣ ಭಾಷೆ. ಜನರ ಮಾತು ಬಾರದವನ ಕೈಯಿಂದ ಔಷಧಿ ಹಂಚಿಸಬಹುದೇ ಹೊರತು ಊರಿನ ಜಗಳ ಬಿಡಿಸಲಾಗದು. 1606ರಲ್ಲಿ ಮದುರೆಗೆ ಬಂದ ರಾಬರ್ಟೊ ಡಿ ನೊಬಿಲಿ ತಮಿಳು, ತೆಲುಗು, ಸಂಸ್ಕೃತ ಕಲಿತರು. ಅದೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತರು. ಸೆಯ್ರಾಕ್ ತಮಿಳಿನ ಜೊತೆಗೆ ಸಂಸ್ಕೃತವನ್ನೂ ಓದಿದರು.

ದುಡ್ಡು ಎಲ್ಲಿಂದ?

ಬಡತನದ ವ್ರತವೆಂದರೆ ಹಸಿದಿರುವುದಲ್ಲ, ತನ್ನದೆಂಬ ಆಸ್ತಿ ಇಲ್ಲದಿರುವುದು. ಊಟ, ಬಟ್ಟೆ, ಆಸ್ಪತ್ರೆ, ಮುಪ್ಪಿನ ಆರೈಕೆಯನ್ನು ಸಭೆ ನೋಡಿಕೊಳ್ಳುತ್ತದೆ. ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಪಡೆದರೆ ಅದು ಸಭೆಯ ಖಾತೆಗೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಪಾದ್ರಿ, ಸಿಸ್ಟರುಗಳು ಕೈಗೆ ಬಾರದ ಈ ಸಂಬಳಕ್ಕೆ ತೆರಿಗೆ ಯಾಕೆ ಎಂದು ವಾದಿಸಿದ್ದರು. ಮದ್ರಾಸ್ ಹೈಕೋರ್ಟ್ 2019ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಸಂಬಳ ಯಾರ ಹೆಸರಿಗೆ ಬರುತ್ತದೋ ಅವರಿಗೆ ತೆರಿಗೆ ಕಡಿತ ಅನ್ವಯಿಸುತ್ತದೆ, ಅವರು ಅದನ್ನು ಯಾರಿಗೆ ಒಪ್ಪಿಸಿದರೂ ಸರಿ.

ಸೇವಾಕಾರ್ಯದ ಖರ್ಚಿನ ಲೆಕ್ಕ ಬೇರೆ. ಅದಕ್ಕೆ ದೇಣಿಗೆ ಬೇಕು, ಇಲ್ಲವೇ ಸ್ವಂತ ವರಮಾನ ಹುಡುಕಬೇಕು. ಮಂಗಳೂರಿನಲ್ಲಿ ಜರ್ಮನಿ ಮೂಲದ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅವರ ಔಷಧಿಗಳು ಅಂಚೆಯ ಮೂಲಕ ದೂರದೂರಿಗೆ ಹೋಗುತ್ತಿದ್ದವು. ಸೆಯ್ರಾಕ್‌ಗೆ ಬಹುಪಾಲು ನೆರವಾದದ್ದು ಫ್ರಾನ್ಸಿನ ದಾನಿಗಳು. ತಮಿಳುನಾಡಿನ ಮಾನಾಮದುರೈ ಸುತ್ತಿನ ಒಣನೆಲದಲ್ಲಿ ಸಾವಿರ ಬಾವಿ ತೋಡುವ ಯೋಜನೆ ಹಾಕಿಕೊಂಡಾಗಲೂ ಅವರು ನೆರವು ಕೇಳಿದ್ದು ಫ್ರಾನ್ಸಿನಲ್ಲೇ.

ಇಂದು ಹೊರದೇಶದಿಂದ ಹಣ ತರಿಸಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯಶಾಖೆಯಲ್ಲಿ. ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ (ಮೊದಲು ಶೇ. 50 ಇತ್ತು), ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತೆಯೂ ಇಲ್ಲ. ದೊಡ್ಡ ಸಂಸ್ಥೆ ತರಿಸಿ, ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವ ಹಳೆಯ ದಾರಿ ಇದರಿಂದ ಮುಚ್ಚಿತು.

ಕಾಗದಪತ್ರ ಮತ್ತು ಕಾನೂನು

ಭಾರತದಲ್ಲಿ ಮಿಶನರಿ ಕೆಲಸ ಮಾಡಲು ವಿದೇಶಿಯರಿಗೆ ಅದಕ್ಕೆಂದೇ ಇರುವ ವೀಸಾ ಬೇಕು. ಪ್ರವಾಸಿ ವೀಸಾ ನಡೆಯದು. ಹೊರದೇಶದ ಕನ್ನಡ ಕುಟುಂಬಗಳೂ ಗಮನಿಸಬೇಕಾದದ್ದು: ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಮಿಶನರಿ ಚಟುವಟಿಕೆಗೆ ವಿಶೇಷ ಅನುಮತಿ ಬೇಕೆಂದು 2021ರ ಅಧಿಸೂಚನೆ ಹೇಳುತ್ತದೆ. ಮತಾಂತರದ ಪ್ರಶ್ನೆಯಲ್ಲಿ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದ ತೀರ್ಪು ಇಂದಿಗೂ ಆಧಾರ. ಧರ್ಮಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು.

ಅಪಾಯ ಬಂದರೆ?

ಈಗ ಮಿಶನರಿಗಳ ಹರಿವು ತಿರುಗಿದೆ. ಒಂದು ಕಾಲಕ್ಕೆ ಅವರನ್ನು ಬರಮಾಡಿಕೊಳ್ಳುತ್ತಿದ್ದ ನಾಡು ಇಂದು ಹೊರಗೆ ಕಳಿಸುತ್ತಿದೆ, ಹೋದವರಲ್ಲಿ ಕೆಲವರು ಅಪಾಯಕ್ಕೂ ಸಿಲುಕಿದ್ದಾರೆ. ಸಲೇಶಿಯನ್ನರ ಬೆಂಗಳೂರು ಪ್ರಾಂತಕ್ಕೆ ಸೇರಿದ, ಕೇರಳ ಮೂಲದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚಿನಲ್ಲಿ ಯೆಮೆನ್‌ನ ಏಡನ್‌ನಲ್ಲಿ ಉಗ್ರರು ಅಪಹರಿಸಿದರು. ಅದೇ ದಾಳಿಯಲ್ಲಿ ಮಿಶನರೀಸ್ ಆಫ್ ಚಾರಿಟಿಯ ನಾಲ್ವರು ಸಿಸ್ಟರುಗಳು ಕೊಲೆಯಾದರು. ಒಮಾನ್ ಮಧ್ಯಸ್ಥಿಕೆಯಿಂದ ಟಾಮ್ ಬಿಡುಗಡೆಯಾಗಲು 2017ರ ಸೆಪ್ಟೆಂಬರ್ ಬರಬೇಕಾಯಿತು. ತಮಿಳುನಾಡಿನ ಫಾದರ್ ಅಲೆಕ್ಸಿಸ್ ಪ್ರೇಮ್‌ಕುಮಾರ್ ಅಫ್ಘಾನಿಸ್ತಾನದಲ್ಲಿ ಎಂಟು ತಿಂಗಳು ಒತ್ತೆಯಲ್ಲಿದ್ದು 2015ರ ಫೆಬ್ರುವರಿಯಲ್ಲಿ ಮರಳಿದರು. ಇಂಥ ಹೊತ್ತಿನಲ್ಲಿ ಸಭೆಯೊಂದರ ಕೈ ಸಾಲದು, ಸರಕಾರಗಳೇ ಮಾತನಾಡಬೇಕಾಗುತ್ತದೆ.

ದಾನ ಕೊಡುವ ಮುನ್ನ

ಮಿಶನರಿ ಸೇವೆಗೆ ನೆರವಾಗಬೇಕೆಂದಿದ್ದರೆ ಕೆಲವನ್ನು ಕೇಳಿ ತಿಳಿಯಿರಿ. ಹಣ ವ್ಯಕ್ತಿಯ ಖಾತೆಗೆ ಹೋಗುತ್ತದೋ, ನೋಂದಾಯಿತ ಸಂಸ್ಥೆಗೋ? ರಸೀದಿ ಸಿಗುತ್ತದೆಯೇ, ಲೆಕ್ಕಪರಿಶೋಧನೆ ಆಗಿದೆಯೇ? ಚಿಕಿತ್ಸೆ, ಓದು, ಊಟ ಎಲ್ಲ ಮತದವರಿಗೂ ಷರತ್ತಿಲ್ಲದೆ ಸಿಗುತ್ತದೆಯೇ? ಆ ಪಾದ್ರಿಗೆ ನಾಳೆ ವರ್ಗವಾದರೆ ಕೆಲಸ ನಡೆಸಬಲ್ಲ ಸ್ಥಳೀಯರು ಯಾರಿದ್ದಾರೆ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚು ತೂಕದ್ದು. ಮುಲ್ಲರ್ 1910ರಲ್ಲಿ ತೀರಿಕೊಂಡರು. ಕಂಕನಾಡಿಯ ಅವರ ಆಸ್ಪತ್ರೆ ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿದೆ, ನಡೆಸುತ್ತಿರುವುದು ಮಂಗಳೂರು ಧರ್ಮಪ್ರಾಂತ್ಯ.