ಹೋಗುವ ಹಕ್ಕಿಯ ಲೆಕ್ಕ ಇಡುವುದು ಹೇಗೆ?

ವಲಸೆ ಹಕ್ಕಿ ಬಂದ ದಿನ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಹೋದ ದಿನ ಯಾರಿಗೂ ತಿಳಿಯುವುದಿಲ್ಲ. ಬಾತುಗಳೂ ಪುಟ್ಟ ಉಲಿಯಕ್ಕಿಗಳೂ ಹೆಚ್ಚಾಗಿ ರಾತ್ರಿ ಹೊತ್ತು ಹಾರುವುದರಿಂದ ಅವು ಹೊರಟದ್ದನ್ನು ಕಾಣುವುದೇ ಅಪರೂಪ. ದೆಹಲಿಯಲ್ಲಿದ್ದು ಹಕ್ಕಿ ನೋಡಲು ಶುರು ಮಾಡುವವರಿಗೆ ನನ್ನ ಸಲಹೆ, ಈ ಹೋಗುವವುಗಳಿಂದಲೇ ಶುರು ಮಾಡಿ. ಫೆಬ್ರವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಅದಕ್ಕೆ ಹದವಾದ ಕಾಲ.

ಓಖ್ಲಾ, ಸುಲ್ತಾನ್‌ಪುರ ಪಕ್ಷಿಧಾಮಗಳಿಗೆ ವರ್ಷಕ್ಕೊಮ್ಮೆ ಹೋಗಿ ಬರುವುದು ಬೇರೆ ಮಾತು. ಇದಕ್ಕೆ ಬೇಕಾದದ್ದು ವಾರಕ್ಕೆರಡು ಬಾರಿ ನಡೆದು ಹೋಗಬಹುದಾದ ಜಾಗ: ಲೋಧಿ ಗಾರ್ಡನ್, ಸಂಜಯ್ ವನ, ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ, ಇಲ್ಲವೇ ನಿಮ್ಮ ಕಾಲೊನಿಯ ಪಾರ್ಕೇ ಆದೀತು. ಪ್ರತಿ ಸಲವೂ ಅದೇ ದಾರಿ, ಅದೇ ಅವಧಿ. ಹೊತ್ತನ್ನು ಮಾತ್ರ ಸೂರ್ಯನಿಂದ ಅಳೆಯಿರಿ. ಫೆಬ್ರವರಿ ನಡುವಿನಲ್ಲಿ ಸುಮಾರು 7ಕ್ಕೆ ಹುಟ್ಟುವ ಸೂರ್ಯ ಮಾರ್ಚ್ ಕೊನೆಗೆ 6.15ರ ಹೊತ್ತಿಗೇ ಬಂದಿರುತ್ತಾನೆ. ಗಡಿಯಾರ ನಂಬಿ ಹೋದರೆ ಹಕ್ಕಿಗಳ ಚುರುಕಿನ ಹೊತ್ತು ಕಳೆದಿರುತ್ತದೆ.

ಹಕ್ಕಿಗೆ ಹೊರಡುವ ಸೂಚನೆ ಸಿಗುವುದೂ ಈ ಬೆಳಕಿನಿಂದಲೇ. ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಮಾರ್ಚ್ 21ರ ಹಗಲಿಗೂ ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆಯಷ್ಟೇ ಅಂತರ. ದೆಹಲಿಯಲ್ಲಿ ಒಂದೂಮುಕ್ಕಾಲು ಗಂಟೆಗೂ ಹೆಚ್ಚು. ಹಗಲು ಬೆಳೆದಂತೆ ಹಕ್ಕಿಯ ಮೈಯೊಳಗಿನ ಹಾರ್ಮೋನುಗಳು ಬದಲಾಗುತ್ತವೆ. ಅದು ಒಂದೇ ಸಮನೆ ತಿಂದು ಚರ್ಮದಡಿ ಕೊಬ್ಬು ಕೂಡಿಸಿಕೊಳ್ಳುತ್ತದೆ, ಅನೇಕ ಜಾತಿಗಳು ಗರಿಯನ್ನೂ ಬದಲಿಸುತ್ತವೆ. ಯಮುನೆಯ ಕೆಸರಂಚಿನ ಹಳದಿ ತಲೆಯ ಸಿಪಿಲೆಯನ್ನು ನೋಡಿ. ಚಳಿಗಾಲವಿಡೀ ಮಾಸಲಾಗಿದ್ದ ಗಂಡಿನ ತಲೆ ಮಾರ್ಚಿನಲ್ಲಿ ಅಚ್ಚ ಅರಿಸಿನ ಬಣ್ಣಕ್ಕೆ ತಿರುಗಿದರೆ ಅದರ ಪಯಣ ಹತ್ತಿರವಾಯಿತು. ಪಟ್ಟೆತಲೆ ಹೆಬ್ಬಾತುಗಳು ಹೊರಡುವುದೂ ಇದೇ ದಿನಗಳಲ್ಲಿ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಇವೇ ಜಾತಿಯ ಹಕ್ಕಿಗಳೂ ಹಿಮಾಲಯ ದಾಟಲು ಉತ್ತರಕ್ಕೆ ಮುಖ ಮಾಡುತ್ತವೆ.

ಈ ದಿನಗಳಲ್ಲಿ ಹೂಬಿಟ್ಟ ಬೂರುಗದ ಮರ ಸಿಕ್ಕರೆ ಅದರಡಿ ಅರ್ಧ ಗಂಟೆ ನಿಲ್ಲಿ. ಎಲೆಯುದುರಿ ಬೋಳಾದ ಕೊಂಬೆಗಳಲ್ಲಿ ಹಕ್ಕಿ ಮರೆಯಾಗಲು ಎಡೆಯಿಲ್ಲ. ಕೆಂಪು ಹೂವಿನ ಮಕರಂದಕ್ಕೆ ಗೊರವಂಕ, ಪಿಕಳಾರ, ಸೂರಕ್ಕಿ, ಕಾಗೆ ಎಲ್ಲವೂ ಬರುತ್ತವೆ. ದಕ್ಷಿಣದಲ್ಲಿ ಚಳಿಗಾಲ ಕಳೆದು ಮಧ್ಯ ಏಷ್ಯಾಕ್ಕೆ ಮರಳುವ ಗುಲಾಬಿ ಮೈನಾಗಳ ಗುಂಪೂ ಕಾಣಸಿಗಬಹುದು. ಹಕ್ಕಿ ಗುರುತಿಸಲು ಕಲಿಯುವವರಿಗೆ ಇದಕ್ಕಿಂತ ಸುಲಭದ ಜಾಗ ನಾನು ಕಂಡಿಲ್ಲ.

ಇನ್ನು ಬರೆಯುವ ಕ್ರಮ. ಹೊಸ ಹಕ್ಕಿಯನ್ನಷ್ಟೇ ಬರೆದರೆ ಪ್ರಯೋಜನವಿಲ್ಲ. ಗುರುತು ಸಿಕ್ಕ ಎಲ್ಲವನ್ನೂ, ಪಾರಿವಾಳ ಕಾಗೆ ಸಮೇತ, ಪ್ರತಿ ಸಲವೂ ಬರೆಯಬೇಕು. ಪಟ್ಟಿ ಪೂರ್ತಿಯಾಗಿದ್ದರೆ ಮಾತ್ರ ಅದರಲ್ಲಿಲ್ಲದ ಹಕ್ಕಿ ಅಂದು ಕಾಣಲಿಲ್ಲ ಎನ್ನಲು ಆಧಾರ ಸಿಗುತ್ತದೆ. ಎಲೆಗಳ ನಡುವೆ ಚೂಪಾಗಿ ಕೂಗುತ್ತಿದ್ದ ಉಲಿಯಕ್ಕಿ ಮೂರು ನಾಲ್ಕು ಭೇಟಿಗಳಲ್ಲಿ ಒಂದೇ ಸಮನೆ ಕಾಣದೆ ಹೋದರೆ ಹಿಂದಿನ ಪುಟಕ್ಕೆ ಹೋಗಿ ಕೊನೆಯ ಸಲ ಕಂಡ ದಿನಾಂಕಕ್ಕೆ ಗೆರೆ ಎಳೆಯಿರಿ. ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಸೇರಿಸುವಾಗ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಹಾಕಿದ್ದೀರಾ ಎಂದು ಕೇಳುವುದು ಇದಕ್ಕಾಗಿಯೇ. ವಿಜ್ಞಾನಿಗಳಿಗೆ ಕಂಡ ಹಕ್ಕಿಯಷ್ಟೇ ಕಾಣದ ಹಕ್ಕಿಯೂ ಮುಖ್ಯ.

ಒಂದು ಎಚ್ಚರಿಕೆ. ಮಾರ್ಚಿನಲ್ಲಿ ಕೋಗಿಲೆ ಕೂಗಿದ ಕೂಡಲೇ ‘ಬಂತು’ ಎಂದು ಬರೆಯಬೇಡಿ. ಅದು ಅಲ್ಲೇ ಮರದ ಮರೆಯಲ್ಲಿ ಬಾಯಿ ಬಿಡದೆ ಚಳಿಗಾಲ ಕಳೆದಿರಬಹುದು, ಆದ್ದರಿಂದ ‘ಮೊದಲ ಕೂಗು’ ಎಂದಷ್ಟೇ ಬರೆಯಿರಿ. ನಿಜವಾಗಿ ಬರುವುದು ಹೊನ್ನಕ್ಕಿ. ಚಳಿಗಾಲದಲ್ಲಿ ಕರ್ನಾಟಕದ ತೋಟಗಳಲ್ಲಿ ಕಾಣುವ ಈ ಹಳದಿ ಹಕ್ಕಿ ಗೂಡು ಕಟ್ಟಲು ಉತ್ತರಕ್ಕೆ ಬರುತ್ತದೆ. ಊರಿನಲ್ಲಿರುವ ಅಣ್ಣನೋ ಅತ್ತಿಗೆಯೋ ತೋಟದಲ್ಲಿ ಅದನ್ನು ಕೊನೆಯ ಸಲ ಕಂಡ ದಿನ ಬರೆದಿಟ್ಟು, ನೀವು ದೆಹಲಿಯಲ್ಲಿ ಮೊದಲು ಕಂಡ ದಿನ ಬರೆದರೆ, ಹೋಲಿಸಿ ನೋಡಲು ಎರಡೂ ತುದಿಯ ದಿನಾಂಕ ಸಿಕ್ಕಂತಾಗುತ್ತದೆ.