ಕೆಳಗೆ ಕಡಲು, ಮೇಲೆ ಹನಿ ನೀರಿಲ್ಲ: ಸ್ಪೇನ್‌ನ ಅಲಿಕಾಂಟೆ ಬೆಟ್ಟ ಹತ್ತುವ ಮುನ್ನ ಇದನ್ನು ಓದಿ

ಸ್ಪೇನ್‌ನ ಬೆನಿಡಾರ್ಮ್ ಬೀಚ್‌ನಲ್ಲಿ ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ, ಎತ್ತರೆತ್ತರದ ಹೋಟೆಲ್ ಕಟ್ಟಡಗಳ ಹಿಂದೆ ಬೂದು ಬಣ್ಣದ ಬೆಟ್ಟವೊಂದು ಕಾಣುತ್ತದೆ. ಯಾರೋ ಗರಗಸ ಹಿಡಿದು ಚೌಕಾಕಾರದ ತುಂಡೊಂದನ್ನು ಕತ್ತರಿಸಿ ತೆಗೆದಂತೆ ಅದರ ನೆತ್ತಿಯ ಬಳಿ ದೊಡ್ಡದೊಂದು ಕಚ್ಚು. ಇದೇ ಪುಚ್ ಕಂಪಾನಾ. ಎತ್ತರ 1,406 ಮೀಟರ್. ಕಡಲಿನಿಂದ ಇರುವ ದೂರ ಹತ್ತು ಕಿಲೋಮೀಟರ್ ಆಸುಪಾಸು.

ಬೆನಿಡಾರ್ಮ್‌ನಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕಿರುವ ಅಲಿಕಾಂಟೆ ಈ ಭಾಗದ ಮುಖ್ಯ ನಗರ. ಮ್ಯಾಡ್ರಿಡ್‌ನಿಂದ ಹೈಸ್ಪೀಡ್ ರೈಲು ಹಿಡಿದರೆ ಎರಡೂವರೆ ಗಂಟೆಯ ದಾರಿ. ಬೆಳಿಗ್ಗೆ ಬೆಟ್ಟ, ಸಂಜೆ ಬೀಚ್ ಎಂಬ ಆಸೆ ಇಲ್ಲಿ ನಿಜಕ್ಕೂ ಈಡೇರುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಬೀಚ್‌ಗೆ ಹೋಗುವ ತಯಾರಿಯಲ್ಲೇ ಬೆಟ್ಟಕ್ಕೂ ಹೊರಟುಬಿಡುವವರಿದ್ದಾರೆ.

ಇಷ್ಟೇನಾ ಎತ್ತರ?

1,406 ಮೀಟರ್ ಎಂದು ಓದಿದಾಗ ನನಗೂ ಮೊದಲು ಅನ್ನಿಸಿದ್ದು ಇದೇ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಇದೆಯಲ್ಲ! ಪುಣೆ, ಮುಂಬೈ ಕನ್ನಡಿಗರಿಗೆ ಗೊತ್ತಿರುವ ಕಳಸೂಬಾಯಿ 1,646 ಮೀಟರ್. ಆದರೆ ಮುಳ್ಳಯ್ಯನಗಿರಿಗೆ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ, ಉಳಿಯುವುದು ಕೆಲವು ನೂರು ಮೆಟ್ಟಿಲು. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರ್ ಎತ್ತರದಲ್ಲಿದೆ. ನಕ್ಷೆಯಲ್ಲಿರುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದು, ನಮ್ಮ ಕಾಲು ಹತ್ತಬೇಕಾದದ್ದು ನಾವು ಹೊರಟ ಜಾಗದಿಂದ. ಇವೆರಡರ ನಡುವಿನ ವ್ಯತ್ಯಾಸ ಕಡಲತೀರದ ಬೆಟ್ಟಗಳಲ್ಲಿ ತೀರಾ ಕಡಿಮೆ.

ಪುಚ್ ಕಂಪಾನಾ ಹತ್ತುವವರು ಸಾಮಾನ್ಯವಾಗಿ ಹೊರಡುವುದು ಫಿನೆಸ್ಟ್ರಾಟ್ ಎಂಬ ಹಳ್ಳಿಯ ಪಕ್ಕದ ಚಿಲುಮೆಯಿಂದ. ಅದರ ಹೆಸರು ಫಾಂಟ್ ದೆಲ್ ಮೊಲಿ. ಅಲ್ಲಿಂದ ತುದಿಗೆ ಸುಮಾರು ಸಾವಿರ ಮೀಟರ್ ಏರಿಕೆ. ಒಂದು ದಾರಿ ಸಡಿಲ ಕಲ್ಲಿನ ಕೊರಕಲಿನಲ್ಲಿ ನೇರವಾಗಿ ಏರುತ್ತದೆ, ಇನ್ನೊಂದು ಬೆಟ್ಟವನ್ನು ಬಳಸಿಕೊಂಡು ಹಿಂಬದಿಯಿಂದ ಹೋಗುತ್ತದೆ. ಹೊಸಬರಿಗೆ ಬಳಸು ದಾರಿಯೇ ವಾಸಿ. ನೇರ ದಾರಿ ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ ನಿಜ, ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ಕಾಲಡಿಯ ಕಲ್ಲು ಜಾರುತ್ತದೆ.

ಆ ಕಚ್ಚಿಗೆ ಒಂದು ಕಥೆಯೂ ಇದೆ. ರೋಲ್ಡಾನ್ ಎಂಬ ದೈತ್ಯನ ಪ್ರೇಯಸಿ ಆ ದಿನದ ಕೊನೆಯ ಬಿಸಿಲಿನೊಂದಿಗೆ ಸಾಯುತ್ತಾಳೆ ಎಂದು ಯಾರೋ ಹೇಳಿದರಂತೆ. ಸೂರ್ಯ ಬೆಟ್ಟದ ಹಿಂದೆ ಮರೆಯಾಗುವುದನ್ನು ಸ್ವಲ್ಪ ಹೊತ್ತು ತಡೆಯಲು ಅವನು ಬೆಟ್ಟದ ತುಂಡನ್ನೇ ಕಿತ್ತೆಸೆದ. ಬೆನಿಡಾರ್ಮ್ ಎದುರಿನ ಕಡಲಲ್ಲಿರುವ ಪುಟ್ಟ ದ್ವೀಪವೇ ಆ ತುಂಡು ಎನ್ನುತ್ತಾರೆ ಸ್ಥಳೀಯರು.

ಮಳೆ ಬಿದ್ದರೂ ನೀರೇಕೆ ನಿಲ್ಲುವುದಿಲ್ಲ?

ಇದು ಸುಣ್ಣಕಲ್ಲಿನ ನಾಡು. ಕೋಟ್ಯಂತರ ವರ್ಷಗಳ ಹಿಂದೆ ಟೆಥಿಸ್ ಎಂಬ ಪುರಾತನ ಸಮುದ್ರದ ತಳದಲ್ಲಿ ಕೂತ ಹೂಳು ಗಟ್ಟಿಯಾಗಿ ಈ ಕಲ್ಲಾಯಿತು. ಆಫ್ರಿಕಾ ಮತ್ತು ಯುರೋಪ್ ಭೂಫಲಕಗಳು ಒಂದನ್ನೊಂದು ಒತ್ತಿದಾಗ ಅದು ಮಡಿಸಿಕೊಂಡು ಮೇಲೆದ್ದಿತು. ದಕ್ಷಿಣ ಸ್ಪೇನ್‌ನ ಉದ್ದಕ್ಕೂ ಬರುವ ಬೆಟಿಕ್ ಪರ್ವತಸಾಲು ಇಲ್ಲಿ ಕಡಲಿಗಿಳಿಯುತ್ತದೆ. ಇಬಿಜಾ, ಮಯೋರ್ಕಾ ದ್ವೀಪಗಳಾಗಿ ಮತ್ತೆ ತಲೆ ಎತ್ತುವುದೂ ಇದೇ ಸಾಲು.

ಸುಣ್ಣಕಲ್ಲಿಗೆ ಒಂದು ಗುಣವಿದೆ. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಬಿರುಕುಗಳು ಅಗಲವಾಗುತ್ತವೆ, ಒಳಗೆ ಗುಹೆಗಳಾಗುತ್ತವೆ. ಬಿದ್ದ ಮಳೆ ತೊರೆಯಾಗಿ ಹರಿಯುವ ಬದಲು ಈ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಬೆಟ್ಟದ ಬುಡದಲ್ಲೆಲ್ಲೋ ಚಿಲುಮೆಯಾಗಿ ಹೊರಬರುತ್ತದೆ. ಫಿನೆಸ್ಟ್ರಾಟ್‌ನಲ್ಲಿ ಬಾಟಲಿ ತುಂಬಿಸಿಕೊಳ್ಳದೆ ಹೊರಟರೆ ಮೇಲೆ ಸಿಗುತ್ತದೆ ಎಂದು ನಂಬುವಂತಿಲ್ಲ. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರ್ ಎಂಬುದು ಕನಿಷ್ಠ ಲೆಕ್ಕ. ಆರು ಗಂಟೆಯ ನಡಿಗೆಗೆ ಮೂರು ಲೀಟರ್ ಹೊರಲೇಬೇಕು.

ಮಳೆಯೂ ಅಷ್ಟಕ್ಕಷ್ಟೇ. ಅಲಿಕಾಂಟೆಯಲ್ಲಿ ವರ್ಷಕ್ಕೆ ಸರಾಸರಿ 300 ಮಿಲಿಮೀಟರ್ ಆಸುಪಾಸು, ಜುಲೈನಲ್ಲಂತೂ ಹೆಚ್ಚುಕಡಿಮೆ ಸೊನ್ನೆ. ವಿಚಿತ್ರವೆಂದರೆ ಇದೇ ಪ್ರಾಂತ್ಯದ ಉತ್ತರ ತುದಿಯ ಪೆಗೊ ಪಟ್ಟಣದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಮಳೆಯಾಗುತ್ತದೆ. ಈಶಾನ್ಯದಿಂದ ಬರುವ ತೇವದ ಗಾಳಿ ಉತ್ತರದ ಬೆಟ್ಟಗಳಿಗೆ ಬಡಿದು ಅಲ್ಲೇ ಖಾಲಿಯಾಗುತ್ತದೆ, ಅಲಿಕಾಂಟೆ ಮಳೆನೆರಳಿನಲ್ಲಿ ಉಳಿಯುತ್ತದೆ. ಮುಂಬೈನಲ್ಲಿ ಸುರಿಯುವ ಮಳೆ ಪುಣೆಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕ್ಯಾಲೆಂಡರ್ ಅಲ್ಲಿ ತಲೆಕೆಳಗು

ಸಹ್ಯಾದ್ರಿಯಲ್ಲಿ ಟ್ರೆಕಿಂಗ್ ಎಂದರೆ ಜೂನ್‌ನಿಂದ ಸೆಪ್ಟೆಂಬರ್ ಎಂಬ ಅಭ್ಯಾಸ ಹಲವರಿಗಿದೆ. ಹಸಿರು, ಮಂಜು, ಜಲಪಾತ. ಮೆಡಿಟರೇನಿಯನ್ ತೀರದಲ್ಲಿ ಆ ತಿಂಗಳುಗಳ ಬಹುಭಾಗವೇ ಒಣ ಕಾಲ, ಸುಡುವ ಕಾಲ. ಮಳೆ ಬರುವುದು ಶರತ್ಕಾಲ ಮತ್ತು ವಸಂತದಲ್ಲಿ. ಶಾಲಾ ರಜೆ ಹೊಂದಿಸಿಕೊಂಡು ಮೇ ಕೊನೆ ಅಥವಾ ಜೂನ್‌ಗೆ ಟಿಕೆಟ್ ತೆಗೆಯುವವರು ಬೆಟ್ಟದ ಮಟ್ಟಿಗೆ ತಪ್ಪು ಕಾಲಕ್ಕೆ ಬಂದಿಳಿಯುತ್ತಾರೆ. ಮೇಲೆ ಹೋದಂತೆ ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿ ತಂಪಾಗುತ್ತದೆ ಎಂಬುದು ಪಠ್ಯಪುಸ್ತಕದ ಲೆಕ್ಕ. ಬಿಳಿ ಕಲ್ಲಿನ ದಕ್ಷಿಣ ಮೈಯಲ್ಲಿ, ಮರವೊಂದೂ ಇಲ್ಲದೆ, ಮೇಲಿಂದಲೂ ಕೆಳಗಿಂದಲೂ ಬಿಸಿಲು ಹೊಡೆಯುವಾಗ ಆ ತಂಪು ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗಬಹುದು? ಬ್ರಿಟನ್‌ನ ಹೆಸರಾಂತ ಆರೋಗ್ಯ ಕಾರ್ಯಕ್ರಮಗಳ ನಿರೂಪಕ ಮೈಕೆಲ್ ಮೋಸ್ಲಿ 2024ರ ಜೂನ್ 5ರಂದು ಗ್ರೀಸ್‌ನ ಸಿಮಿ ದ್ವೀಪದ ಬೀಚ್‌ನಿಂದ ಒಬ್ಬರೇ ನಡೆದು ಹೊರಟರು. ತೀವ್ರ ಬಿಸಿಲಿನ ದಿನ ಅದು. ನಾಲ್ಕು ದಿನಗಳ ನಂತರ ಅವರ ಶವ ಕಲ್ಲಿನ ಇಳಿಜಾರಿನಲ್ಲಿ ಪತ್ತೆಯಾಯಿತು. ಸಾವಿಗೆ ಖಚಿತ ಕಾರಣ ತೀರ್ಮಾನವಾಗಲಿಲ್ಲ, ಆದರೆ ಶಾಖಾಘಾತದ ಸಾಧ್ಯತೆಯನ್ನು ವಿಚಾರಣೆ ಎತ್ತಿ ಹೇಳಿತು. ಅವರು ವೈದ್ಯಕೀಯ ಓದಿದವರು ಎಂಬುದನ್ನು ನೆನಪಿಟ್ಟುಕೊಳ್ಳಿ.

ಬೇಸಿಗೆಯ ಇನ್ನೊಂದು ಭಯ ಬೆಂಕಿ. 2022ರ ಆಗಸ್ಟ್‌ನಲ್ಲಿ ಈ ಪ್ರಾಂತ್ಯದ ವಾಲ್ ದೆಬೊ ಕಣಿವೆಯಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಕಾಡ್ಗಿಚ್ಚು ಸುಮಾರು 12,000 ಹೆಕ್ಟೇರ್ ಸುಟ್ಟಿತು. ಬೇಸಿಗೆಯಲ್ಲಿ ಮಾತ್ರ ಎಂದುಕೊಳ್ಳಬೇಡಿ, 2024ರಲ್ಲಿ ತಾರ್ಬೆನಾ ಬೆಟ್ಟಕ್ಕೆ ಬೆಂಕಿ ಬಿದ್ದದ್ದು ಏಪ್ರಿಲ್‌ನಲ್ಲಿ! ಕಾಡ್ಗಿಚ್ಚಿನ ಅಪಾಯದ ಮಟ್ಟವನ್ನು ಅಲ್ಲಿನ ಆಡಳಿತ ಪ್ರತಿದಿನ ಪ್ರಕಟಿಸುತ್ತದೆ. ಅಪಾಯ ಅತಿ ಹೆಚ್ಚು ಎಂದಿರುವ ದಿನ ಬೀಚ್‌ನಲ್ಲೇ ಇರಿ.

ಹಾಗಾದರೆ ಅಕ್ಟೋಬರ್ ಸುರಕ್ಷಿತವೇ? ಹೌದು, ಒಂದು ಷರತ್ತಿನೊಂದಿಗೆ. ಬೇಸಿಗೆಯಿಡೀ ಕಾದ ಕಡಲಿನ ಮೇಲೆ ಆಕಾಶದ ಎತ್ತರದಲ್ಲಿ ತಂಪು ಗಾಳಿಯ ಸುಳಿ ಬಂದು ನಿಂತರೆ ಕೆಲವೇ ಗಂಟೆಗಳಲ್ಲಿ ಆಕಾಶವೇ ಹರಿದಂತೆ ಮಳೆ ಸುರಿಯುತ್ತದೆ. ಸ್ಪೇನ್‌ನಲ್ಲಿ ಇದನ್ನು ‘ಡಾನಾ’ ಎನ್ನುತ್ತಾರೆ. 2024ರ ಅಕ್ಟೋಬರ್ 29ರಂದು ಪಕ್ಕದ ವೆಲೆನ್ಸಿಯಾ ಪ್ರಾಂತ್ಯದ ಚಿವಾದಲ್ಲಿ ಎಂಟು ಗಂಟೆಗಳಲ್ಲಿ 491 ಮಿಲಿಮೀಟರ್ ಮಳೆ ಬಿತ್ತು, ಅಂದರೆ ಅಲಿಕಾಂಟೆಯ ಇಡೀ ವರ್ಷದ ಮಳೆಗಿಂತ ಹೆಚ್ಚು. ಆ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ವರ್ಷವಿಡೀ ಒಣಗಿರುವ ಹಳ್ಳಗಳು ಇಂಥ ದಿನ ನದಿಗಳಾಗುತ್ತವೆ. ಚಾರಣದ ದಾರಿಗಳು ಎಷ್ಟೋ ಕಡೆ ಆ ಹಳ್ಳಗಳಲ್ಲೇ ಸಾಗುವುದರಿಂದ, ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟರೆ ಅಂದಿನ ಕಾರ್ಯಕ್ರಮ ಕೈಬಿಡುವುದೇ ಸರಿ.

ಚಳಿಗಾಲದಲ್ಲಿ ಹಗಲು ಚಿಕ್ಕದು. ಡಿಸೆಂಬರ್‌ನಲ್ಲಿ ಸೂರ್ಯ ಆರು ಗಂಟೆಯೊಳಗೆ ಮುಳುಗುತ್ತಾನೆ. ಬೀಚ್‌ನಲ್ಲಿ 17 ಡಿಗ್ರಿ ಇರುವ ದಿನ ಪ್ರಾಂತ್ಯದ ಅತಿ ಎತ್ತರದ ಐತಾನಾ ಬೆಟ್ಟದ ಮೇಲೆ ಹಿಮ ಬಿದ್ದಿರಬಹುದು. ಈ ಬೆಟ್ಟ 1,558 ಮೀಟರ್ ಎತ್ತರವಿದೆ. ಅದರ ತುತ್ತತುದಿ ವಾಯುಪಡೆಯ ರಾಡಾರ್ ನೆಲೆಯೊಳಗಿರುವುದರಿಂದ ಚಾರಣಿಗರಿಗೆ ಅಲ್ಲಿಗೆ ಪ್ರವೇಶವಿಲ್ಲ.

ಇಲ್ಲಿನ ಬೆಟ್ಟಗಳಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿಗಳು ಸಿಗುತ್ತವೆ. ನೀರಿನ ಬಾವಿ ಎಂದುಕೊಂಡರೆ ತಪ್ಪು, ಇವು ಹಿಮದ ಬಾವಿಗಳು. ಫ್ರಿಜ್ ಬರುವುದಕ್ಕೂ ಮುಂಚಿನ ಶತಮಾನಗಳಲ್ಲಿ ಚಳಿಗಾಲದ ಹಿಮವನ್ನು ಇದರೊಳಗೆ ತುಳಿದು ಗಟ್ಟಿ ಮಾಡಿ, ಹುಲ್ಲು ಹೊದಿಸಿ ಕಾಪಿಡುತ್ತಿದ್ದರು. ಬೇಸಿಗೆಯಲ್ಲಿ ರಾತ್ರಿ ಹೊತ್ತು ಪ್ರಾಣಿಗಳ ಮೇಲೆ ಹೇರಿ ಕೆಳಗಿನ ಊರುಗಳಿಗೆ ಸಾಗಿಸುತ್ತಿದ್ದರು. ಇದೇ ಪ್ರಾಂತ್ಯದ ಇಬಿ, ಹಿಹೋನಾ ಊರುಗಳು ಐಸ್‌ಕ್ರೀಮ್‌ಗೆ ಹೆಸರಾದದ್ದರ ಹಿಂದೆ ಈ ಹಿಮದ ವ್ಯಾಪಾರವಿದೆ.

ಹೊರಡುವ ಮುನ್ನ

ದಾರಿಯಲ್ಲಿ ಬಂಡೆ, ಕಂಬಗಳ ಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ಬಿಳಿ-ಹಳದಿ ಒಂದೆರಡು ದಿನದ ದಾರಿ, ಬಿಳಿ-ಕೆಂಪು ಹಲವು ದಿನಗಳ ದೂರದ ದಾರಿ, ಬಿಳಿ-ಹಸಿರು ಊರ ಸುತ್ತಲಿನ ಚಿಕ್ಕ ದಾರಿ. ಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಇದ್ದರೆ ಆ ಕಡೆ ಹೋಗಬೇಡಿ ಎಂದರ್ಥ. ತುರ್ತು ಸಹಾಯದ ಸಂಖ್ಯೆ 112.

ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಬೆಟ್ಟ ಹತ್ತುವ ಮುನ್ನ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ. ಚಾರಣ ಮತ್ತು ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚನ್ನು ಹೊರಗಿಡುವ ಪಾಲಿಸಿಗಳಿವೆ. ಆ ಒಂದು ಸಾಲು ಹುಡುಕಲು ಹತ್ತು ನಿಮಿಷ ಸಾಕು.

ಇಷ್ಟೆಲ್ಲ ಬೇಡ, ಸಣ್ಣದು ಸಾಕು ಎನ್ನುವವರಿಗೆ ಕಾಲ್ಪೆ ಊರಿನಲ್ಲಿ ಕಡಲಿನಿಂದಲೇ ನೆಟ್ಟಗೆ ಎದ್ದಿರುವ 332 ಮೀಟರ್‌ನ ಬಂಡೆಯಿದೆ, ಪೆನ್ಯಾಲ್ ದಿಫಾಕ್. ಅರ್ಧ ದಾರಿಯಲ್ಲಿ 1918ರಲ್ಲಿ ಕೊರೆದ ಸುರಂಗ ಸಿಗುತ್ತದೆ. ಅಲ್ಲಿಯವರೆಗಿನ ದಾರಿ ಸಲೀಸು. ಸುರಂಗ ದಾಟಿದ ಮೇಲೆ ಸಾವಿರಾರು ಜನರ ಕಾಲು ತಾಗಿ ಗಾಜಿನಂತೆ ನುಣುಪಾದ ಸುಣ್ಣಕಲ್ಲು, ಒಂದು ಬದಿಗೆ ಪ್ರಪಾತ. ಮಕ್ಕಳಿದ್ದರೆ, ಚಪ್ಪಲಿಯಲ್ಲಿದ್ದರೆ ಸುರಂಗದಿಂದಲೇ ಹಿಂದಿರುಗಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿಕೊಂಡೇ ಹೋಗಬೇಕು.